ಇನಿಷಿಯಲ್ ಒಳಗಿನ ಊರು, ಅಪ್ಪ, ದೇವರು

ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಸಿಂಗಾನಲ್ಲೂರು ಕೊಳ್ಳೇಗಾಲ ತಾಲ್ಲೂಕಿನ ಹಳ್ಳಿ. ಪುಟ್ಟಸ್ವಾಮಯ್ಯ ಎಂಬುದು ತಂದೆಯ ಹೆಸರು, ಅವರು ರಂಗಭೂಮಿಯ ನಟರು. ಮುತ್ತುರಾಜು ಎಂಬುದು ಕಾವೇರಿ ದಡದ ಮುತ್ತತ್ತಿರಾಯನಿಂದ ಬಂದದ್ದು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮಗುವಿನ ಹೆಸರಿನಲ್ಲಿ ಊರು, ಅಪ್ಪ, ದೇವರು ಮೂವರೂ ಇದ್ದರು. 1954ರ ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ‘ರಾಜ್‌ಕುಮಾರ್’ ಎಂದು ಕರೆದರು. ನಾಡೆಲ್ಲ ಹಾಗೇ ಕರೆಯಿತು.

ಮುಂದಿನದನ್ನು ಗಮನಿಸಿ. ರಾಘವೇಂದ್ರ ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್ ಎನ್ನುವಾಗ ರಾಜ್‌ಕುಮಾರ್ ಎಂದರೆ ಅಪ್ಪ. ವಿನಯ್ ರಾಜ್‌ಕುಮಾರ್, ಯುವ ರಾಜ್‌ಕುಮಾರ್ ಎನ್ನುವಾಗ ಅದು ಅಪ್ಪನ ಹೆಸರಲ್ಲ, ಅಜ್ಜನದು; ಅಂದರೆ ಮನೆತನದ ಹೆಸರು. ಅದೇ ಕುಟುಂಬದ ಒಬ್ಬ ಮೊಮ್ಮಗಳು ನಿವೇದಿತಾ ಶಿವರಾಜ್‌ಕುಮಾರ್, ಮತ್ತೊಬ್ಬರು ಧನ್ಯಾ ರಾಮ್‌ಕುಮಾರ್. ಇವರಿಬ್ಬರ ಹೆಸರಿನ ಕೊನೆಗೆ ಇರುವುದು ಅವರವರ ಅಪ್ಪನೇ. ಹೀಗೆ ಒಂದೇ ಮನೆಯ ಒಂದು ಕವಲಿನಲ್ಲಿ ಹೆಸರು ನೆಲೆ ನಿಂತಿದೆ, ಇನ್ನೊಂದು ಕವಲಿನಲ್ಲಿ ತಲೆಮಾರಿಗೊಮ್ಮೆ ಬದಲಾಗುತ್ತಿದೆ. ಸಿಂಗಾನಲ್ಲೂರು ಮಾತ್ರ ಈಗ ಯಾರ ಹೆಸರಿನಲ್ಲೂ ಇಲ್ಲ.

ಯುರೋಪಿನ ಉತ್ತರ ತುದಿಯ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳಲ್ಲಿ ಇದೇ ಬದಲಾವಣೆ ಇಡೀ ಜನಸಮುದಾಯಕ್ಕೆ ಆಗಿಹೋಗಿದೆ, ಅದೂ ಕಾನೂನಿನ ಮೂಲಕ. ಅಲ್ಲಿನ ರೈತಾಪಿ ಜನರಿಗೆ ಮೊದಲು ಮನೆತನದ ಹೆಸರೆಂಬುದೇ ಇರಲಿಲ್ಲ. ಆಂಡರ್ಸ್ ಎಂಬವನ ಮಗ ಕಾರ್ಲ್ ಆದರೆ ಅವನು ಕಾರ್ಲ್ ಆಂಡರ್ಸನ್. ಕಾರ್ಲ್‌ನ ಮಗ ಎರಿಕ್ ಆದರೆ ಅವನು ಎರಿಕ್ ಕಾರ್ಲ್‌ಸನ್. ಮಗಳಾದರೆ ಹೆಸರಿನ ಕೊನೆಗೆ ‘ಮಗಳು’ ಎಂಬುದೇ ಸೇರುತ್ತಿತ್ತು. ಸ್ವೀಡನ್ನಿನ ‘-ಸನ್’, ಡೆನ್ಮಾರ್ಕ್ ಮತ್ತು ನಾರ್ವೆಯ ‘-ಸೆನ್’ ಎರಡಕ್ಕೂ ಅರ್ಥ ಒಂದೇ, ಮಗ. ನಾರ್ವೆಯಲ್ಲಿ ಇದರ ಜೊತೆಗೆ ಜಮೀನಿನ ಹೆಸರೂ ಸೇರುತ್ತಿತ್ತು. ಇಳಿಜಾರಿನ ಜಮೀನಿನವರು ಬಾಕೆನ್, ದಿಬ್ಬದವರು ಹೌಗೆನ್, ಕಣಿವೆಯವರು ದಾಲ್. ಆ ಜಮೀನು ಬಿಟ್ಟು ಬೇರೆ ಕಡೆ ಹೋಗಿ ನೆಲೆಸಿದರೆ ಹೆಸರೂ ಬದಲಾಗುತ್ತಿತ್ತು.

ತೆರಿಗೆ, ಸೈನ್ಯ, ಆಸ್ತಿ ಹಂಚಿಕೆಯ ದಫ್ತರಗಳಿಗೆ ಹೀಗೆ ಬದಲಾಗುವ ಹೆಸರುಗಳು ತೊಡಕಾದವು. ಡೆನ್ಮಾರ್ಕ್ 1828ರಲ್ಲಿ, ಸ್ವೀಡನ್ 1901ರಲ್ಲಿ, ನಾರ್ವೆ 1923ರಲ್ಲಿ ಮನೆಗೊಂದು ಸ್ಥಿರವಾದ ಹೆಸರಿರಬೇಕೆಂದು ಕಾನೂನು ತಂದವು. ಆ ಹೊತ್ತಿಗೆ ಯಾರ ಹೆಸರಿನಲ್ಲಿ ಯಾವ ಅಪ್ಪನಿದ್ದನೋ ಅವನೇ ಶಾಶ್ವತವಾಗಿ ಉಳಿದುಬಿಟ್ಟ. ಇವತ್ತು ಆಂಡರ್ಸನ್ ಎಂದು ಹೆಸರಿರುವ ಹೆಣ್ಣುಮಗಳು ಆಂಡರ್ಸ್‌ನ ಮಗನೂ ಅಲ್ಲ, ಮಗಳೂ ಅಲ್ಲ. ಡೆನ್ಮಾರ್ಕ್‌ನಲ್ಲಿ ನೀಲ್ಸೆನ್, ಯೆನ್ಸೆನ್, ಹಾನ್ಸೆನ್‌ಗಳು ಎಷ್ಟು ಹೆಚ್ಚಾದರೆಂದರೆ, 1904ರಲ್ಲಿ ಅದೇ ಸರ್ಕಾರ ಬೇರೆ ಹೆಸರು ಇಟ್ಟುಕೊಳ್ಳುವವರಿಗೆ ಸುಲಭದ ದಾರಿ ಮಾಡಿಕೊಡಬೇಕಾಯಿತು. ಊರಿನ ಹೆಸರು ಮನೆತನದ ಹೆಸರಾಗಿ ಜಗತ್ತಿಗೇ ಪರಿಚಯವಾದದ್ದೂ ಉಂಟು. ಆಲ್‌ಫ್ರೆಡ್ ನೊಬೆಲ್ ಅವರ ಪೂರ್ವಜರೊಬ್ಬರು ತಮ್ಮೂರಾದ ನೊಬ್ಬೆಲೋವ್‌ನ ಹೆಸರಿನಿಂದ ‘ನೊಬೆಲಿಯಸ್’ ಎಂದು ಬರೆದುಕೊಂಡರು, ಮುಂದೆ ಅದು ನೊಬೆಲ್ ಆಯಿತು. ನೊಬೆಲ್ ಪ್ರಶಸ್ತಿಯ ಹೆಸರಿನಲ್ಲಿರುವುದು ದಕ್ಷಿಣ ಸ್ವೀಡನ್ನಿನ ಒಂದು ಹಳ್ಳಿ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹೆಸರುಗಳು ಈಗ ಅದೇ ದಾರಿಯ ನಡುವೆ ನಿಂತಿವೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಹಾಡಿಗಳಾದ ಪೋಡುಗಳಿಗೆ ಕಾಡಿನದೇ ಕಟ್ಟಳೆ. ಆಡಳಿತ ಬೇರೆ ಬೇರೆಯಾಗಿದ್ದರೂ ಜನರ ಹೆಸರಿನ ಲೆಕ್ಕ ಒಂದೇ ಆಗಿತ್ತು. ಹೊಸಬರನ್ನು ಕಂಡರೆ ‘ಯಾವೂರಪ್ಪ? ಯಾರ ಮಗ?’ ಎಂದು ಕೇಳುತ್ತಾರಲ್ಲ, ಆ ಎರಡು ಪ್ರಶ್ನೆಗಳ ಉತ್ತರವೇ ನಮ್ಮ ಎರಡು ಇನಿಷಿಯಲ್.

ಇದರ ಹಳೆಯ ರೂಪ ನೋಡಬೇಕಾದರೆ ಜಮೀನಿನ ಪಹಣಿ ತೆಗೆಯಿರಿ. ಸ್ವಾಧೀನದಾರರ ಕಾಲಂನಲ್ಲಿ ‘ಮಾದಯ್ಯ ಬಿನ್ ಸಿದ್ದಯ್ಯ’ ಎಂದಿರುತ್ತದೆ. ತಂದೆ ತೀರಿಕೊಂಡಿದ್ದರೆ ‘ಬಿನ್ ಲೇಟ್ ಸಿದ್ದಯ್ಯ’. ಹೆಂಗಸರಾದರೆ ‘ಮಾದಮ್ಮ ಕೋಂ ಸಿದ್ದಯ್ಯ’. ಬಿನ್ ಎಂಬುದು ಅರಬ್ಬಿಯಿಂದ ನಮ್ಮ ಕಂದಾಯ ದಫ್ತರಕ್ಕೆ ಬಂದು ಕನ್ನಡದ್ದೇ ಆಗಿಹೋದ ಮಾತು. ಸ್ವೀಡನ್ನಿನ ರೈತನ ‘-ಸನ್’ ಮಾಡುತ್ತಿದ್ದ ಕೆಲಸವನ್ನೇ ನಮ್ಮ ಸತ್ತೇಗಾಲದ ರೈತನ ‘ಬಿನ್’ ಇವತ್ತಿಗೂ ಮಾಡುತ್ತಿದೆ. ತಂದೆ ಮಗನ ಹೆಸರು ಒಂದೇ ಆಗಿರಬೇಕೆಂಬ ನಿರೀಕ್ಷೆ ನಮ್ಮಲ್ಲಿ ಇಲ್ಲ. ಚಾಮರಾಜನಗರ ತಾಲ್ಲೂಕಿನ ಆಲೂರಿನವರಾದ ಬಿ. ರಾಚಯ್ಯನವರು ಕೇರಳದ ರಾಜ್ಯಪಾಲರಾಗಿದ್ದವರು. ಅವರ ಮಗ ಎ.ಆರ್. ಕೃಷ್ಣಮೂರ್ತಿ, 2023ರಲ್ಲಿ ಕೊಳ್ಳೇಗಾಲದಿಂದ ಶಾಸಕರಾದವರು. ಅಪ್ಪನ ಇನಿಷಿಯಲ್ ಒಂದು, ಮಗನದು ಇನ್ನೊಂದು. ಹೊರಗಿನವರಿಗೆ ಇದು ಗೊಂದಲ. ಆಲೂರೂ ರಾಚಯ್ಯನವರೂ ಗೊತ್ತಿದ್ದ ನಮ್ಮವರಿಗೆ ಎ ಮತ್ತು ಆರ್ ಕಂಡ ಕೂಡಲೇ ಎಲ್ಲ ಗೊತ್ತಾಗುತ್ತದೆ.

ಇನ್ನು ಸ್ವಂತ ಹೆಸರು. ಈ ಸೀಮೆಯಲ್ಲಿ ಅದನ್ನು ಕೊಡುವವರು ಬಹುಮಟ್ಟಿಗೆ ಮೂವರು. ಹನೂರಿನ ಕಡೆ ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪ, ಕೊಳ್ಳೇಗಾಲದ ಕಡೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ, ಯಳಂದೂರಿನ ಕಡೆ ಬಿಳಿಗಿರಿರಂಗ. ಮಾದಪ್ಪನಿಂದ ಮಾದಯ್ಯ, ಮಾದೇಗೌಡ, ಮಾದೇಶ, ಮಹದೇವಸ್ವಾಮಿ, ಮಾದಮ್ಮ, ಮಹದೇವಮ್ಮ. ಸಿದ್ದಪ್ಪಾಜಿ ಸೇರಿದ ಮಂಟೇಸ್ವಾಮಿ ಪರಂಪರೆಯಿಂದ ಸಿದ್ದಯ್ಯ, ಸಿದ್ದರಾಜು, ರಾಚಯ್ಯ, ಮಂಟಯ್ಯ, ಚೆನ್ನಾಜಮ್ಮ. ರಂಗಪ್ಪನಿಂದ ರಂಗಸ್ವಾಮಿ, ರಂಗಶೆಟ್ಟಿ, ರಂಗಮ್ಮ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲೇ ಹೆಸರು ಬದಲಾಗುವ ದೊಡ್ಡ ಪ್ರಸಂಗವೊಂದಿದೆ. ನಿಡುಘಟ್ಟದ ಪಾಂಚಾಳರ ಮನೆಯ ಕೆಂಪಾಚಾರಿ ಗುರು ಮಂಟೇಸ್ವಾಮಿಯ ಕೈಗೆ ಬಂದು, ಕಠಿಣ ಪರೀಕ್ಷೆಗಳನ್ನು ದಾಟಿ, ಸಿದ್ದಪ್ಪಾಜಿಯಾಗುತ್ತಾನೆ. ಕುಲಕಸುಬು ಹೇಳುತ್ತಿದ್ದ ಹೆಸರು ಹೋಗಿ ಗುರು ಕೊಟ್ಟ ಹೆಸರು ಬಂತು. ಆ ಹೆಸರನ್ನೇ ಇವತ್ತು ಸಾವಿರಾರು ಮನೆಗಳ ಮಕ್ಕಳು ಹೊತ್ತಿದ್ದಾರೆ.

ಉತ್ತರದ ದೇಶಗಳಲ್ಲೂ ದೇವರು ಮತ್ತು ಸಂತರು ಹೀಗೇ ಹೆಸರಿನೊಳಗೆ ಬಂದು ಕೂತಿದ್ದಾರೆ. ನಾರ್ವೆಯಲ್ಲಿ ಬಹಳ ಸಾಮಾನ್ಯವಾದ ಓಲ್ಸೆನ್ ಎಂಬುದರ ಹಿಂದೆ ಊಲಾವ್ ಎಂಬ ಹೆಸರಿದೆ. 1030ರಲ್ಲಿ ಯುದ್ಧದಲ್ಲಿ ಸತ್ತು ಮುಂದೆ ಸಂತನೆನಿಸಿಕೊಂಡ ರಾಜ ಊಲಾವ್‌ನಿಂದಾಗಿ ಅದು ನಾಡಿಗೇ ಪ್ರಿಯವಾಯಿತು. ಥೋರ್ಸೆನ್ ಎಂಬುದರಲ್ಲಿ ಕ್ರೈಸ್ತಪೂರ್ವ ಕಾಲದ ಗುಡುಗಿನ ದೇವರು ಥೋರ್ ಇದ್ದಾನೆ. ಒಮ್ಮೊಮ್ಮೆ ಎರಡು ಲೋಕಗಳ ಹೆಸರಿಗೆ ಮೂಲ ಒಬ್ಬನೇ ಆಗಿರುವುದೂ ಉಂಟು. ಹನೂರು ತಾಲ್ಲೂಕಿನ ಮಾರ್ಟಳ್ಳಿ ಸುತ್ತ ತಮಿಳು ಮಾತಾಡುವ ಕ್ರೈಸ್ತರಿದ್ದಾರೆ. ತಮಿಳು ಕ್ರೈಸ್ತರಲ್ಲಿ ರಾಯಪ್ಪ ಎಂದರೆ ಸಂತ ಪೇತ್ರ, ಚಿನ್ನಪ್ಪ ಎಂದರೆ ಸಂತ ಪೌಲ, ಅರುಳಪ್ಪ ಎಂದರೆ ಸಂತ ಯೋಹಾನ. ಡೆನ್ಮಾರ್ಕ್‌ನ ಪೀಟರ್ಸೆನ್, ಪೌಲ್ಸೆನ್, ಸ್ವೀಡನ್ನಿನ ಯೋಹಾನ್ಸನ್ ಹೆಸರುಗಳ ಮೂಲವೂ ಅದೇ ಮೂವರು.

ಊರಿನ ತುಂಬ ಒಂದೇ ದೇವರ ಹೆಸರಾದರೆ ಗುರುತಿಸುವುದು ಹೇಗೆ? ಅದಕ್ಕೆ ಜನರೇ ದಾರಿ ಮಾಡಿಕೊಂಡಿದ್ದಾರೆ. ದೊಡ್ಡಮಾದಯ್ಯ, ಚಿಕ್ಕಮಾದಯ್ಯ, ಪುಟ್ಟಮಾದಯ್ಯ. ಮೇಗಲಮನೆ ಮಾದಪ್ಪ, ಅಂಗಡಿ ಮಾದಪ್ಪ, ಪಟೇಲರ ಮನೆ ಮಾದಪ್ಪ. ಸ್ವೀಡನ್ನಿನ ಸೈನ್ಯಕ್ಕೂ ಇದೇ ತೊಂದರೆ ಬಂದಿತ್ತು. ಒಂದೇ ತುಕಡಿಯಲ್ಲಿ ಹಲವು ಆಂಡರ್ಸನ್‌ಗಳಿದ್ದರೆ ಕರೆದಾಗ ಓಗೊಡುವವರು ಯಾರು? ಹಾಗಾಗಿ ಸೈನಿಕರಿಗೆ ಚುಟುಕು ಹೆಸರು ಕೊಟ್ಟರು. ಚುರುಕಾದವನು ರಾಸ್ಕ್, ಧೈರ್ಯಸ್ಥ ಮೂದಿಗ್, ಕತ್ತಿ ಎಂಬ ಅರ್ಥದ ಸ್ವೇರ್ಡ್. ಕೆಲವರ ಮಕ್ಕಳು ಮೊಮ್ಮಕ್ಕಳು ಅದನ್ನೇ ಮನೆತನದ ಹೆಸರು ಮಾಡಿಕೊಂಡರು. ಪೇಟೆಯವರು, ಓದಿದವರು ಗಿಡಮರಗಳ ಕಡೆ ನೋಡಿದರು. ಸಸ್ಯಶಾಸ್ತ್ರಜ್ಞ ಲಿನೇಯಸ್ ಅವರ ತಂದೆ ನಿಲ್ಸ್ ಇಂಗೆಮಾರ್ಸನ್ ವಿಶ್ವವಿದ್ಯಾಲಯ ಸೇರುವಾಗ ತಮ್ಮ ಹಿರಿಯರ ಜಮೀನಿನಲ್ಲಿದ್ದ ಲಿಂಡನ್ ಮರದ ಹೆಸರನ್ನು ಇಟ್ಟುಕೊಂಡರು. ಜಗತ್ತಿನ ಗಿಡಗಳಿಗೆಲ್ಲ ಎರಡು ಪದದ ಹೆಸರಿಡುವ ಪದ್ಧತಿ ರೂಢಿಗೆ ತಂದವರ ಹೆಸರೇ ಒಂದು ಮರದ್ದು.

ಕಸುಬಿನ ಹೆಸರು ಬೇಕೆಂದರೆ ಯಳಂದೂರಿಗೆ ಬರೋಣ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಯಳಂದೂರಿನವಳು. ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಸಂಚಿಯ ಹೊನ್ನಮ್ಮ ಎಂಬ ಹೆಸರಿನಲ್ಲಿ ಅಪ್ಪನೂ ಇಲ್ಲ, ಗಂಡನೂ ಇಲ್ಲ. ಅವಳ ದುಡಿಮೆ ಇದೆ. ಅದೇ ಯಳಂದೂರಿನ ಜಹಗೀರುದಾರರ ಮನೆಯಲ್ಲಿ ಪೂರ್ವಿಕನ ಹೆಸರು ನೆಲೆ ನಿಂತಿತು. 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿ ಎಂದರೆ ಪೂರ್ಣಯ್ಯ ನರಸಿಂಗರಾವ್ ಕೃಷ್ಣಮೂರ್ತಿ. 1812ರಲ್ಲಿ ತೀರಿಕೊಂಡ ಪೂರ್ಣಯ್ಯನವರು ವಂಶದವರ ಹೆಸರಿನ ಮೊದಲ ಅಕ್ಷರವಾಗಿ ಉಳಿದರು. ಆಸ್ತಿ, ಅಧಿಕಾರ ಇದ್ದಲ್ಲಿ ಮನೆತನದ ಹೆಸರು ಬೇಗ ಗಟ್ಟಿಯಾಗುತ್ತದೆ. ಡೆನ್ಮಾರ್ಕ್‌ನಲ್ಲೂ 1526ರಲ್ಲೇ ಸ್ಥಿರವಾದ ಹೆಸರು ಇಟ್ಟುಕೊಳ್ಳಬೇಕೆಂದು ರಾಜ ಹೇಳಿದ್ದು ಶ್ರೀಮಂತ ವರ್ಗದವರಿಗೆ. ರೈತರ ಸರದಿ ಬಂದದ್ದು ಮುನ್ನೂರು ವರ್ಷಗಳ ನಂತರ.

ನಮ್ಮ ಹೆಸರುಗಳ ವಿಚಾರದಲ್ಲಿ ಮುಚ್ಚಿಡಬಾರದ ಸಂಗತಿಯೂ ಒಂದಿದೆ. ದೇವರು ಒಬ್ಬನೇ ಆದರೂ ಮಾದಯ್ಯ, ಮಾದೇಗೌಡ, ಮಾದಶೆಟ್ಟಿ, ಮಾದನಾಯಕ, ಮಹದೇವಪ್ಪ ಎಂಬ ಹೆಸರುಗಳ ಬಾಲ ಹಿಡಿದು ಜಾತಿ ಊಹಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿದ್ಯೆ. ಹಳೆಯ ದಫ್ತರಗಳಲ್ಲಿ ಬಡವರ ಹೆಸರು ಬರಿಯ ‘ಮಾದ’, ‘ಸಿದ್ದ’, ‘ರಂಗಿ’ ಎಂದೇ ದಾಖಲಾಗಿವೆ. ಅಯ್ಯ, ಅಮ್ಮ ಸೇರಿಸುವಷ್ಟು ಮರ್ಯಾದೆಯನ್ನು ಬರೆಯುವ ಕೈ ಕೊಟ್ಟಿಲ್ಲ. ಮುಂದಿನ ತಲೆಮಾರು ಶಾಲೆಗೆ ಬಂದಾಗ ಆ ಮಾದನ ಮಗ ಮಹದೇವನಾದ, ಮೊಮ್ಮಗ ಮಹದೇವಪ್ರಸಾದನಾದ. ಹೆಸರು ಉದ್ದವಾದದ್ದು ಷೋಕಿಗಲ್ಲ, ಮರ್ಯಾದೆಗೆ. ಊರು ಮತ್ತು ಅಪ್ಪನ ಇನಿಷಿಯಲ್ ಇಟ್ಟುಕೊಂಡು ಜಾತಿಯ ಬಾಲ ಬಿಡುವ ಅವಕಾಶವನ್ನು ನಮ್ಮ ಪದ್ಧತಿ ಕೊಟ್ಟಿದೆ. ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರ ಹೆಸರಿನಲ್ಲಿ ಊರಿದೆ, ಮಾದಪ್ಪನಿದ್ದಾನೆ, ಮತ್ತೇನೂ ಇಲ್ಲ. ಅದಕ್ಕಿಂತ ತುಂಬಿದ ಹೆಸರು ಬೇಕೆ?

ಸೋಲಿಗರ ರೀತಿ ಇನ್ನೂ ಬೇರೆ. ಜಡೆಯ, ಮಾದ, ರಂಗಮ್ಮ ಎಂಬ ಹೆಸರಿಗೆ ಮನೆತನದ ಹೆಸರೇನೂ ಅಂಟುವುದಿಲ್ಲ. ಆದರೆ ಪ್ರತಿಯೊಬ್ಬರಿಗೂ ತಾನು ಯಾವ ಕುಲ ಎಂದು ಗೊತ್ತು: ಸೂರಿರು, ಹಾಲೇರು, ತೆನೇರು, ಬೆಳ್ಳೇರು, ಸೆಲಿಕಿರು ಮುಂತಾದವು. ಒಂದೇ ಕುಲದೊಳಗೆ ಮದುವೆ ಇಲ್ಲ. ಕಾಡಿನಲ್ಲಿ ಕುಲಕ್ಕೊಂದು ಯೆಲ್ಲೆ. ಆ ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂಬ ತಾಣಗಳು. ನಾರ್ವೆಯವರು ಜಮೀನಿನ ಹೆಸರನ್ನು ಮೈಮೇಲೆ ಹೊತ್ತಂತೆ ಸೋಲಿಗರು ಕುಲದ ಮೂಲಕ ಕಾಡಿನ ಒಂದೊಂದು ಭಾಗಕ್ಕೆ ಸೇರಿದವರು. ಸೋಲಿಗ ಹಿರಿಯರೂ ಸಂಶೋಧಕರೂ ಸೇರಿ ಈ ಪವಿತ್ರ ತಾಣಗಳ ನಕ್ಷೆ ಮಾಡಿದ್ದಾರೆ. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾದ 2011ರಲ್ಲೇ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಯಾರು ಎಲ್ಲಿಯವರು ಎಂಬ ನೆನಪು ಉಳಿದಿದ್ದರೆ ಅದು ನ್ಯಾಯ ಕೇಳುವಾಗಲೂ ಕೈಹಿಡಿಯುತ್ತದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟಿಯನ್ನರಿಗೂ ಸಾಮಾನ್ಯವಾಗಿ ಮನೆತನದ ಹೆಸರಿಲ್ಲ. ಗುರುಗಳು ಕೊಡುವ ಎರಡು ಹೆಸರೇ ಪೂರ್ತಿ ಹೆಸರು. ದಲೈ ಲಾಮಾ ಅವರಿಂದ ಬಂದ ‘ತೆನ್‌ಜಿನ್’ ಎಂಬುದು ಒಂದೇ ಮನೆಯ ಹಲವರಿಗಿರಬಹುದು. ಅದನ್ನು ಸರ್‌ನೇಮ್ ಎಂದು ತಿಳಿಯುವುದು ತಪ್ಪು.

ಇಂಥ ಹೆಸರುಗಳು ಈಗ ಫಾರಂಗಳ ಖಾನೆಗೆ ಬಂದು ಸಿಕ್ಕಿಕೊಳ್ಳುತ್ತಿವೆ. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಖಾನೆಗೆ ಒಬ್ಬರು ಅಪ್ಪನ ಹೆಸರು ಹಾಕುತ್ತಾರೆ, ಇನ್ನೊಬ್ಬರು ಊರಿನ ಹೆಸರು, ಮತ್ತೊಬ್ಬರು ‘ಕುಮಾರ್’ ಎಂಬ ಹೆಸರಿನ ತುಂಡು. ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. 2022ರ ನವೆಂಬರ್‌ನಲ್ಲಿ ಯುಎಇ ದೇಶ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಪರದೇಶಕ್ಕೇ ಹೋಗಬೇಕಿಲ್ಲ, ಪಹಣಿಯಲ್ಲಿ ‘ಮಾದ’, ಪಡಿತರ ಚೀಟಿಯಲ್ಲಿ ‘ಮಾದಯ್ಯ’, ಆಧಾರ್‌ನಲ್ಲಿ ‘ಮಹದೇವಯ್ಯ’ ಎಂದಿದ್ದರೆ ಪೌತಿ ಖಾತೆ ಮಾಡಿಸಲು ಹೊರಟ ಮಕ್ಕಳು ಮೂವರೂ ಒಬ್ಬರೇ ಎಂದು ಅಫಿಡವಿಟ್ ಹಿಡಿದು ನಾಡಕಚೇರಿ ಸುತ್ತಬೇಕು.

ಹಾಗೆಂದು ನಾವೂ ಸ್ವೀಡನ್ನಿನವರಂತೆ ಎಲ್ಲರ ಹೆಸರನ್ನೂ ಒಂದೇ ಅಚ್ಚಿಗೆ ಹಾಕಬೇಕೇ? ಬೇಕಿಲ್ಲ ಎನ್ನುವುದಕ್ಕೆ ಐಸ್‌ಲ್ಯಾಂಡ್ ಸಾಕ್ಷಿ. ಅಲ್ಲಿ ಇಂದಿಗೂ ಬಹುಪಾಲು ಮಕ್ಕಳಿಗೆ ಅಪ್ಪನ ಅಥವಾ ಅಮ್ಮನ ಹೆಸರೇ ಎರಡನೆಯ ಹೆಸರು. 1980ರಲ್ಲಿ ಜನರಿಂದ ಅಧ್ಯಕ್ಷೆಯಾಗಿ ಚುನಾಯಿತರಾದ ವಿಗ್ದಿಸ್ ಫಿನ್‌ಬೊಗದೋತಿರ್ ಎಂದರೆ ಫಿನ್‌ಬೊಗಿಯ ಮಗಳು ವಿಗ್ದಿಸ್. ಟೆಲಿಫೋನ್ ಡೈರೆಕ್ಟರಿಯೂ ಸ್ವಂತ ಹೆಸರಿನ ಅಕ್ಷರಾನುಕ್ರಮದಲ್ಲೇ ಇರುತ್ತಿತ್ತು. ಮದುವೆಯಾದರೆ ಹೆಣ್ಣಿನ ಹೆಸರು ಬದಲಾಗುವುದಿಲ್ಲ. ಸರ್ಕಾರಕ್ಕೆ ಬೇಕಾದ ಗುರುತನ್ನು ಹತ್ತು ಅಂಕಿಯ ಸಂಖ್ಯೆ ಕೊಡುತ್ತದೆ. ನಮಗೂ ಈಗ ಹನ್ನೆರಡು ಅಂಕಿಯ ಆಧಾರ್ ಇದೆ. ಸ್ಥಿರವಾದ ಮನೆತನದ ಹೆಸರನ್ನು ಸರ್ಕಾರಗಳು ಹೇರಿದ್ದೇ ಜನರನ್ನು ಪ್ರತ್ಯೇಕವಾಗಿ ಗುರುತಿಸಲು. ಆ ಕೆಲಸವನ್ನು ಸಂಖ್ಯೆ ಮಾಡುತ್ತಿರುವಾಗ ಊರು, ಅಪ್ಪ, ಅಮ್ಮನನ್ನು ಹೆಸರಿನಿಂದ ಹೊರಗೆ ಹಾಕಲು ಕಾರಣವೇ ಇಲ್ಲ.

ನಮ್ಮ ಪದ್ಧತಿಯಲ್ಲಿ ತಿದ್ದಬೇಕಾದ್ದೂ ಇದೆ. ಸ್ವೀಡನ್ನಿನ ರೈತ ಹೆಣ್ಣುಮಕ್ಕಳು ಹಿಂದೆ ಮದುವೆಯಾದ ಮೇಲೂ ಅಪ್ಪನ ಮಗಳಾಗಿಯೇ ಹೆಸರು ಬರೆಯುತ್ತಿದ್ದರು. ಹೆಸರುಗಳು ನೆಲೆ ನಿಂತ ಮೇಲೆ ‘ಮಗಳು’ ಎಂಬ ಭಾಗವೇ ಕಾಣೆಯಾಗಿ ಎಲ್ಲರೂ ಯಾರದೋ ‘ಮಗ’ ಆದರು. ನಮ್ಮ ಪಹಣಿಯಲ್ಲಿ ಹೆಂಗಸು ‘ಕೋಂ’ ಆಗಿ ಗಂಡನ ಹೆಸರಿಗೆ ಅಂಟಿಕೊಳ್ಳುತ್ತಾಳೆ. ಮದುವೆಯ ನಂತರ ಇನಿಷಿಯಲ್ ಬದಲಿಸಿ, ಅಂಕಪಟ್ಟಿಗೂ ಬ್ಯಾಂಕ್ ಪುಸ್ತಕಕ್ಕೂ ಹೊಂದದೆ ಒದ್ದಾಡುವವಳೂ ಅವಳೇ. ತಾಯಿಯ ಹೆಸರಿನ ಅಕ್ಷರವಂತೂ ಇನಿಷಿಯಲ್‌ಗೆ ಬರುವುದೇ ಅಪರೂಪ. ಅದು ಬರಬೇಕು.

ಇನ್ನೊಂದು ಕೊರತೆ ಒಂಟಿ ಅಕ್ಷರದ್ದು. ‘ಎಂ’ ಎಂದರೆ ಕೊಳ್ಳೇಗಾಲದ ಮುಳ್ಳೂರೇ, ಮಧುವನಹಳ್ಳಿಯೇ, ಮುಡಿಗುಂಡವೇ? ಯಳಂದೂರಿನ ಮಾಂಬಳ್ಳಿಯೇ, ಮದ್ದೂರೇ? ಹನೂರಿನ ಮಾರ್ಟಳ್ಳಿಯೇ, ಮಿಣ್ಯವೇ? ಏಳು ಊರು ಒಂದು ಅಕ್ಷರದೊಳಗೆ ಅಡಗಿವೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಆ ಅಕ್ಷರ ಯಾವ ಊರೆಂದು ಹೇಳುವವರು ಅಜ್ಜ ಅಜ್ಜಿ ಮಾತ್ರ. ಅವರ ನಂತರ ಅದು ಬರಿಯ ಅಕ್ಷರ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಅದರಲ್ಲಿ ಮೊದಲ ಸಲ ಏನು ಬರೆಸುತ್ತೀರೋ ಬಹುಮಟ್ಟಿಗೆ ಅದೇ ಕೊನೆಯವರೆಗೆ. ಹೆಸರಿಲ್ಲದೆ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷದೊಳಗೆ ಹೆಸರು ಸೇರಿಸಲು ಅವಕಾಶವಿದೆ. ಅವಸರ ಬೇಡ. ಮನೆಯ ಹಿರಿಯರನ್ನು ಕೂರಿಸಿಕೊಂಡು ನಿಮ್ಮ ಇನಿಷಿಯಲ್‌ನ ಪ್ರತಿ ಅಕ್ಷರವನ್ನೂ ಬಿಡಿಸಿ ಕೇಳಿ, ಬರೆದಿಟ್ಟುಕೊಳ್ಳಿ. ಮಗುವಿನ ಹೆಸರಿನ ಜೊತೆಗೆ ಊರೋ, ಅಪ್ಪನೋ, ಅಮ್ಮನೋ ಯಾರು ಬರಬೇಕೆಂದು ತಂದೆ ತಾಯಿ ಇಬ್ಬರೂ ಕೂತು ತೀರ್ಮಾನಿಸಿ, ಅಕ್ಷರವಾಗಿ ಅಲ್ಲ, ಪೂರ್ತಿ ಹೆಸರಾಗಿ ಬರೆಸಿ. ಎಲ್ಲ ದಾಖಲೆಗಳಲ್ಲೂ ಅದೇ ಕಾಗುಣಿತ ಇರುವಂತೆ ನೋಡಿಕೊಳ್ಳಿ. ಈ ಕೆಲಸವನ್ನು ನಾವು ಮಾಡದಿದ್ದರೆ ಕಂಪ್ಯೂಟರ್ ಮುಂದೆ ಕೂತ, ನಮ್ಮ ಊರು ಗೊತ್ತಿಲ್ಲದ ಯಾರೋ ಒಬ್ಬರು ನಮ್ಮ ಪರವಾಗಿ ಮಾಡಿಬಿಡುತ್ತಾರೆ.